ಕೊನೆಯ ಸಾಲಿನ ಕಿವಿ

ಮಳಗಿಯ ನಮ್ಮ ಗಾಯನ ವೃಂದದ ಯುವಕರು ಕಳೆದ ತಿಂಗಳು ಒಂದು ಪಟ್ಟಿಯೊಡನೆ ನಮ್ಮ ಬಳಿಗೆ ಬಂದರು. ವಿದ್ಯುತ್ ಗಿಟಾರಿಗೆ ಆರು ಬಗೆಯ ಎಫೆಕ್ಟ್ಸ್ ಪೆಡಲುಗಳು ಬೇಕೆಂಬುದು ಅವರ ಬೇಡಿಕೆ. ಗಿಟಾರಿನ ನಾದವು ಧ್ವನಿವರ್ಧಕವನ್ನು ಸೇರುವ ಮುನ್ನ ಅದನ್ನು ಮಾರ್ಪಡಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳಿವು. ಹಿರಿಯರಲ್ಲಿ ಕೆಲವರು, “ದೇವಾಲಯದಲ್ಲಿ ಇವೆಲ್ಲ ಏಕೆ?” ಎಂದು ಆಕ್ಷೇಪಿಸಿದರು. ಎರಡೂ ಪಕ್ಷಗಳಲ್ಲಿ ಅರ್ಧ ಸತ್ಯವಿದೆ ಎಂಬುದು ನಮ್ಮ ಅಭಿಪ್ರಾಯ.

ಹೊಸತೆಂಬ ಕಾರಣಕ್ಕೇ ಒಂದು ವಾದ್ಯ ವರ್ಜ್ಯವಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಮೆಯ ಸ್ಥಾನವಿತ್ತೂ, ಪೂಜಾವಿಧಿಗೆ ಯೋಗ್ಯವಾದ ಇತರ ವಾದ್ಯಗಳಿಗೆ ಬಾಗಿಲು ತೆರೆಯಿತು. ಯುರೋಪಿನಿಂದ ಬಂದ ಹಾರ್ಮೋನಿಯಂ 1940ರಲ್ಲಿ ಆಕಾಶವಾಣಿಯಿಂದಲೇ ಹೊರದೂಡಲ್ಪಟ್ಟಿತ್ತು. ಇಂದು ಅದಿಲ್ಲದ ಭಜನೆಯನ್ನು ಊಹಿಸುವುದೂ ಕಷ್ಟ.

ಆದರೆ ಸಾಧನವು ಸಾಧ್ಯವನ್ನು ನುಂಗಬಾರದು. ಕ್ರಿಸ್ಮಸ್ ರಾತ್ರಿ ಎರವಲು ತಂದ ಡಿಸ್ಟಾರ್ಷನ್ ಪೆಡಲೊಂದನ್ನು ನಮ್ಮ ಹುಡುಗರು ಕೀರ್ತನೆಗೇ ಬಳಸಿದರು. ಪೂಜೆ ಮುಗಿದ ಮೇಲೆ ಕೊನೆಯ ಸಾಲಿನ ವೃದ್ಧೆಯೊಬ್ಬರು, “ಹಾಡು ಜೋರಾಗಿತ್ತು ಸ್ವಾಮಿ, ಆದರೆ ಅದರ ಮಾತೇನಿತ್ತು?” ಎಂದು ಕೇಳಿದರು. ಅನುಮತಿಯಿತ್ತವರು ನಾವೇ ಆದುದರಿಂದ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಸೆಳೆದಾಗ ತಾವು ತಪ್ಪಿದಂತೆ ಎಂದು ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ಒಪ್ಪಿಕೊಂಡದ್ದು ಅಂದು ನೆನಪಾಯಿತು.

ಡಿಸ್ಟಾರ್ಷನ್ ನಾದತರಂಗದ ಶಿಖರಗಳನ್ನು ಕತ್ತರಿಸಿ ಅದನ್ನು ಗಡಸುಗೊಳಿಸುತ್ತದೆ. ಒಂದೆರಡು ತಂತಿಗಳಿಗೆ ಅದು ಒಪ್ಪೀತು. ಆರು ತಂತಿಗಳನ್ನು ಒಮ್ಮೆಲೇ ಮೀಟಿದರೆ ಸ್ವರಗಳು ಕಲಸಿಹೋಗುತ್ತವೆ. ರಿವರ್ಬ್ ಪೆಡಲು ದೊಡ್ಡ ಕೋಣೆಯ ಅನುರಣನವನ್ನು ಅನುಕರಿಸುತ್ತದೆ. ಬರಿಯ ಗೋಡೆ, ನುಣುಪು ನೆಲಗಳ ದೇವಾಲಯವು ಅದನ್ನು ಪುಕ್ಕಟೆಯಾಗಿಯೇ ಕೊಡುತ್ತದೆ. ಡಿಲೇ ಪೆಡಲು ಪ್ರತಿಧ್ವನಿ ನೀಡುತ್ತದೆ. ಆದರೆ ತಾಳಕ್ಕೆ ಹೊಂದಬೇಕು. ನಿಮಿಷಕ್ಕೆ 80 ಬಡಿತಗಳ ಗೀತೆಯಲ್ಲಿ ಒಂದು ಬಡಿತಕ್ಕೆ 750 ಮಿಲಿಸೆಕೆಂಡು. ಮೃದು ಗಡಸುಗಳನ್ನು ಸಮಗೊಳಿಸುವ ಕಂಪ್ರೆಸರ್, ಧ್ವನಿಯನ್ನು ಏರಿಳಿಸುವ ವಾಲ್ಯೂಮ್ ಪೆಡಲು ಇವೆರಡೂ ಕಣ್ಣಿಗೆ ಬೀಳದ ಸೇವಕರು. ಯುವಕರ ಪಟ್ಟಿಯಲ್ಲಿ ಈ ಎರಡೇ ಇರಲಿಲ್ಲ!

ಆದುದರಿಂದ ನಮ್ಮ ಸಲಹೆ ಇಷ್ಟೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಒಂಟಿಯಾಗಿ ಕುಳಿತು ನುಡಿಸಿ, ಮೆಚ್ಚಿ ಕೊಳ್ಳಬೇಡಿ. ಸಾಧ್ಯವಾದರೆ ಒಂದೊಂದನ್ನೇ ಎರವಲು ತನ್ನಿ. ದೇವಾಲಯದಲ್ಲೇ, ಜನರು ಹಾಡುತ್ತಿರುವಾಗಲೇ ನುಡಿಸಿ ನೋಡಿ. ವೃಂದದವರೊಬ್ಬರು ಕೊನೆಯ ಸಾಲಿನಲ್ಲಿ ನಿಂತು ಮಾತು ಕೇಳುತ್ತದೆಯೇ ಎಂದು ಗಮನಿಸಲಿ. ನಮ್ಮ ಜಿಲ್ಲೆಯ ಸಿದ್ದಿ ಬಾಂಧವರ ದಮ್ಮಾಮ್ ಯಾವ ವಿದ್ಯುತ್ತಿನ ನೆರವೂ ಇಲ್ಲದೆ ಊರನ್ನೇ ಕುಣಿಸುತ್ತದೆ ಎಂಬುದೂ ನೆನಪಿರಲಿ.

ಹಿರಿಯರಲ್ಲಿಯೂ ಒಂದು ಮಾತು. ಗಿಟಾರನ್ನು ಹೊರಹಾಕಿದರೆ ಅದನ್ನು ಹಿಡಿದ ಕೈಗಳೂ ಹೊರಹೋಗುತ್ತವೆ. ಅವು ಮರಳಿ ಬರುವ ಭರವಸೆಯಿಲ್ಲ. ಹೀಗಾಗಿ ಮೊದಲು ವಾಲ್ಯೂಮ್ ಪೆಡಲೊಂದನ್ನು ತರಲು ನಾವು ಒಪ್ಪಿದ್ದೇವೆ. ಎರಡನೆಯದು ಯಾವುದೆಂಬುದನ್ನು ಕೊನೆಯ ಸಾಲಿನ ಆ ತಾಯಿಯನ್ನು ಕೇಳಿಯೇ ನಿರ್ಧರಿಸೋಣ.