114ನೇ ಹೆಸರು

ಕಳೆದ ಮಂಗಳವಾರ ರಾತ್ರಿ ಕಚೇರಿಯಿಂದ ಹೊರಡುವಾಗ, ನಮ್ಮ ಕಟ್ಟಡದ ಕಾವಲಿಗಿರುವ ಹೆಂಗಸು ಫೋನ್ ತೋರಿಸಿ ಕೇಳಿದರು: ‘ಈ 114 ಅಂದರೆ ಸೀಟು ಸಿಗುತ್ತದೆ ಅಂತಲೋ, ಇಲ್ಲ ಅಂತಲೋ?’

ಕೇಪ್ ವರ್ಡೆಯಿಂದ ಬಂದವರು, ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿ ಮನೆ. ಐದನೇ ಕ್ಲಾಸಿಗೆ ಹೋಗಬೇಕಾದ ಮಗಳಿಗೆಂದು ಚಾರ್ಟರ್ ಶಾಲೆಗೆ (ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರವಾಗಿ ನಡೆಯುವ ಶಾಲೆ) ಅರ್ಜಿ ಹಾಕಿದ್ದರು. ಲಾಟರಿ ಎತ್ತಿದ್ದಾರೆ, ಕಾಯುವ ಪಟ್ಟಿಯಲ್ಲಿ ಹುಡುಗಿ 114ನೆಯವಳು. ಅದೇ ಮಹಡಿಯ ಎದುರು ಮನೆಯ ಹುಡುಗಿಗೆ ಸೀಟು ಸಿಕ್ಕಿದೆಯಂತೆ. ‘ಕಷ್ಟ’ ಎಂದೆ. ಆಕೆ ತಲೆಯಾಡಿಸಿ ರಿಜಿಸ್ಟರಿನತ್ತ ತಿರುಗಿದರು. ಬೆಂಗಳೂರಿನಲ್ಲಿ ಆರ್‌ಟಿಇ ಸೀಟಿನ ಲಾಟರಿಗೆ ಕಾದು ಕೂತ ತಾಯಂದಿರಿಗೆ ಆ ಮುಖ ಹೇಗಿತ್ತೆಂದು ನಾನು ವಿವರಿಸಬೇಕಾಗಿಲ್ಲ.

ಶನಿವಾರ ಯುಗಾದಿ ಊಟ. ಒಬ್ಬಟ್ಟಿನ ತಟ್ಟೆ ಹಿಡಿದೇ ಈ ಸಂಗತಿ ಹೇಳಿದೆ. ಪಕ್ಕದಲ್ಲಿದ್ದ ತರುಣ ಇಂಜಿನಿಯರು, ‘ನೋಡಿ ಅಕ್ಕಾ, ಮನೆಯಲ್ಲಿ ಓದಿಸುವವರಿದ್ದರೆ ಮಕ್ಕಳು ಎಲ್ಲಾದರೂ ಓದುತ್ತಾರೆ. ಸಿಟಿ ಮಕ್ಕಳ ತೊಂದರೆ ಶಾಲೆಯದಲ್ಲ, ಮನೆಯದು. ಆಯ್ಕೆ ಕೊಟ್ಟು ಪೈಪೋಟಿ ಹಚ್ಚಿ, ತಾನೇ ಸರಿಹೋಗುತ್ತದೆ’ ಎಂದ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮೊದಲು ‘ಮನೆಯ’ ಮಾತು. ಬಾಸ್ಟನ್ ಚಾರ್ಟರ್ ಶಾಲೆಗಳ ಬಗ್ಗೆ ನಮಗಿರುವ ಒಳ್ಳೆಯ ಪುರಾವೆ ಈ ಲಾಟರಿಯಿಂದಲೇ ಹುಟ್ಟಿದ್ದು. ಎಂಐಟಿಯ ಜೋಶುವಾ ಆಂಗ್ರಿಸ್ಟ್ (2021ರಲ್ಲಿ ನೊಬೆಲ್ ಪಡೆದವರು), ಪರಾಗ್ ಪಾಠಕ್ ಮತ್ತು ಅವರ ಜೊತೆಗಾರರು, ಲಾಟರಿಯಲ್ಲಿ ಹೆಸರು ಬಂದ ಮಕ್ಕಳನ್ನು ಬಾರದ ಮಕ್ಕಳೊಂದಿಗೆ ಹೋಲಿಸಿದರು. ಎರಡೂ ಕಡೆಯ ಅಪ್ಪ ಅಮ್ಮ ಅರ್ಜಿ ಹಾಕಿದವರೇ, ಮಕ್ಕಳ ಓದಿನ ಮೇಲೆ ಆಸೆ ಇಟ್ಟವರೇ. ಆದರೂ ಸೀಟು ಸಿಕ್ಕ ಮಕ್ಕಳು, ಅದರಲ್ಲೂ ಗಣಿತದಲ್ಲಿ, ಬಹಳ ಮುಂದೆ ಹೋದರು. ಅಂದರೆ ವ್ಯತ್ಯಾಸ ಮಾಡಿದ್ದು ಶಾಲೆ. 114ನೇ ಹುಡುಗಿಯ ತಾಯಿಯ ಕಾಳಜಿ ಒಂದು ಗುಲಗಂಜಿಯಷ್ಟೂ ಕಡಿಮೆಯಿರಲಿಲ್ಲ.

ಇನ್ನು ಪೈಪೋಟಿಯ ಮಾತು. ಅದೇ ಸಂಶೋಧಕರು ಮ್ಯಾಸಚೂಸೆಟ್ಸ್‌ನಲ್ಲಿ ನಗರದ ಹೊರಗಿನ ಚಾರ್ಟರ್ ಶಾಲೆಗಳನ್ನೂ ನೋಡಿದರು. ಅಲ್ಲಿ ಅಂಥ ಲಾಭವೇನೂ ಕಾಣಲಿಲ್ಲ. ಕಾನೂನು ಒಂದೇ, ‘ಆಯ್ಕೆ’ಯೂ ಒಂದೇ. ಕೆಲಸ ಮಾಡಿದ್ದು ದೀರ್ಘ ಶಾಲಾದಿನ, ಹಿಂದುಳಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವ ಪಾಠ, ಬಿಗಿ ಶಿಸ್ತು. ಆ ಶಿಸ್ತಿನಲ್ಲಿ ಮಕ್ಕಳನ್ನು ಸಣ್ಣ ತಪ್ಪಿಗೂ ಮನೆಗೆ ಕಳಿಸುವ ಭಾಗ ನನಗೆ ಒಪ್ಪಿಗೆಯಿಲ್ಲ. ಉಳಿದದ್ದನ್ನು ಎಲ್ಲ ಸರ್ಕಾರಿ ಶಾಲೆಗಳಲ್ಲೂ ಮಾಡಬಹುದು, ದುಡ್ಡು ಬೇಕು ಅಷ್ಟೆ. 1988ರಲ್ಲಿ ಚಾರ್ಟರ್ ಶಾಲೆಯ ಕಲ್ಪನೆಯನ್ನು ಜನರ ಮುಂದಿಟ್ಟವರಲ್ಲಿ ಶಿಕ್ಷಕರ ಸಂಘದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ಮುಖ್ಯರು. ಶಿಕ್ಷಕರು ಹೊಸದನ್ನು ಮಾಡಿ ನೋಡಲಿ, ಕಲಿತದ್ದು ಎಲ್ಲ ಶಾಲೆಗಳಿಗೂ ಹರಿಯಲಿ ಎಂಬುದು ಅವರ ಆಸೆ. ಅದು ಹರಿಯಲಿಲ್ಲ, ಲಾಟರಿ ಉಳಿಯಿತು.

2016ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ವರ್ಷಕ್ಕೆ 12 ಹೊಸ ಚಾರ್ಟರ್‌ಗಳಿಗೆ ಅವಕಾಶ ಕೊಡುವ ಪ್ರಶ್ನೆ ಜನಮತಕ್ಕೆ ಬಂದಾಗ 62% ಜನ ಬೇಡವೆಂದರು. ಊರಿನ ಸರ್ಕಾರಿ ಶಾಲೆಯ ಪ್ರತಿ ತರಗತಿಯಿಂದ ಒಂದೆರಡು ಮಕ್ಕಳು ಚಾರ್ಟರ್‌ಗೆ ಹೋದರೆ ಅವರ ಪಾಲಿನ ಹಣ ಹೋಗುತ್ತದೆ, ಆದರೆ ಟೀಚರ ಸಂಬಳ, ಬಸ್ಸು, ಚಳಿಗಾಲದ ಹೀಟಿಂಗ್ ಯಾವುದೂ ಇಳಿಯುವುದಿಲ್ಲ. ಆ ಅಂಜಿಕೆ ಸುಳ್ಳಲ್ಲ. ‘ಬೇಕು’ ಪಕ್ಷಕ್ಕೆ ಹಣ ಸುರಿದ ಸಂಸ್ಥೆಯೊಂದು ದಾನಿಗಳ ಹೆಸರು ಮುಚ್ಚಿಟ್ಟು ಮರುವರ್ಷ 4 ಲಕ್ಷ ಡಾಲರಿಗೂ ಮೀರಿ ದಂಡ ತೆತ್ತಿತು. ಆದರೂ ಆ ಮತದ ಬಳಿಕ ಡಾರ್ಚೆಸ್ಟರಿನ ತಾಯಂದಿರಿಗೆ ನಾವು ಬೇರೆ ಏನು ಕೊಟ್ಟೆವು?

ಇಲ್ಲಿ ನನ್ನ ಹಳೆಯ ಮಾತಿಗೆ ಬರಲೇಬೇಕು. ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡೆಟ್ರಾಯಿಟ್‌ನ ಮಿಲಿಕೆನ್–ಬ್ರಾಡ್ಲಿ ಮೊಕದ್ದಮೆಯಲ್ಲಿ 5–4ರ ತೀರ್ಪು ಕೊಟ್ಟಿತು. ನಗರದ ಶಾಲೆಗಳ ವರ್ಣಭೇದ ನೀಗಿಸಲು, ಸುತ್ತಲ ಊರುಗಳ ತಪ್ಪು ಸಾಬೀತಾಗದ ಹೊರತು ಅವನ್ನು ಎಳೆದು ತರುವಂತಿಲ್ಲ ಎಂದಿತು. ಊರ ಗಡಿಯೇ ಕೋಟೆಗೋಡೆಯಾಯಿತು. ಶಾಲೆಯ ಹಣದ ದೊಡ್ಡ ಪಾಲು ಮನೆ ತೆರಿಗೆಯಿಂದ ಬರುವ ದೇಶದಲ್ಲಿ, ದುಬಾರಿ ಮನೆಗಳ ಊರಿಗೆ ಒಳ್ಳೆಯ ಶಾಲೆ, ಒಳ್ಳೆಯ ಶಾಲೆಯಿದೆಯೆಂದು ಇನ್ನಷ್ಟು ದುಬಾರಿ ಮನೆ. ನಾವು ಬಾಸ್ಟನ್ ಹೊರವಲಯದ ಲೆಕ್ಸಿಂಗ್ಟನ್ನಿನಲ್ಲಿ ಮನೆ ಕೊಂಡಾಗ ಅಡುಗೆಮನೆಗಿಂತ ಮೊದಲು ವಿಚಾರಿಸಿದ್ದು ಶಾಲೆಯನ್ನು. ಬ್ಯಾಂಕು ಸಾಲ ಕೊಟ್ಟಿತು, ನನ್ನ ಮಕ್ಕಳು ಯಾವ ಲಾಟರಿಗೂ ಕಾಯಲಿಲ್ಲ. ಅದು ನಮ್ಮ ಜಾಣತನವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಗಡಿ ದಾಟಿಸುವ ಒಂದು ಸಣ್ಣ ದಾರಿ ಇದೆ. ಮೆಟ್ಕೊ ಎಂಬ ಯೋಜನೆಯಲ್ಲಿ 1966ರಿಂದ ಬಾಸ್ಟನ್ನಿನ ಮಕ್ಕಳು ಬಸ್ಸಿನಲ್ಲಿ ಸುತ್ತಲ ಊರುಗಳ ಶಾಲೆಗೆ ಬರುತ್ತಾರೆ, ನಮ್ಮೂರಿಗೂ. ಒಟ್ಟು ಸುಮಾರು 3 ಸಾವಿರ ಮಕ್ಕಳು. ‘ಆಯ್ಕೆ ಅಷ್ಟು ಒಳ್ಳೆಯದಾದರೆ ನಮ್ಮೂರಿನಲ್ಲಿ ಇನ್ನಷ್ಟು ಮೆಟ್ಕೊ ಸೀಟು ಕೊಡಿಸೋಣ, ಶಾಲಾ ಸಮಿತಿಗೆ ಅರ್ಜಿ ಬರೆಯುತ್ತೇನೆ, ಸಹಿ ಹಾಕುತ್ತೀಯಾ?’ ಎಂದು ಆ ತರುಣನನ್ನು ಕೇಳಿದೆ.

ಅವನು ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿದ. ‘ರೇಟಿಂಗ್ ಬಿದ್ದರೆ ಮನೆ ರೇಟೂ ಬೀಳುತ್ತಲ್ಲ ಅಕ್ಕಾ’ ಎಂದ.