ಮೊದಲು ಮಗುಚಲು ಕಲಿಯೋಣ, ಆಮೇಲೆ ಕಡಲಿಗೆ ಹೋಗೋಣ



ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವವರನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಮೂಲ್ಕಿಯ ಶಾಂಭವಿ ನದಿಯಲ್ಲೂ ಇದು ಉಂಟು. ಈಗ ನಮ್ಮ ಕ್ಲಾಸಿನಲ್ಲಿ ಒಂದು ಹೊಸ ಆಸೆ ಶುರುವಾಗಿದೆ: ನದಿಯಲ್ಲಿ ಎಂತದ್ದು ಮಾರಾಯ, ಸೀದಾ ಕಡಲಿಗೇ ಹೋಗುವ!

ಇದರ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯ ಇವೆ. ಹುಡುಗರು ಹೇಳುವುದು, "ನಾವು ಕಡಲ ಮಕ್ಕಳು, ನಮಗೆ ಅದರಲ್ಲಿ ಕಲೀಲಿಕ್ಕೆ ಎಂತ ಉಂಟು?" ಹಿರಿಯರು ಹೇಳುವುದು, "ನೀರಿನ ಹತ್ತಿರ ಹೋದರೆ ಕಾಲು ಮುರೀತೇನೆ." ನನಗೆ ಎರಡೂ ಸರಿ ಕಾಣುವುದಿಲ್ಲ. ಕಲಿಯದೆ ಹೋಗುವುದು ತಪ್ಪು, ಕಲಿಸದೆ ತಡೆಯುವುದೂ ತಪ್ಪು. ಕಡಲು ನಮ್ಮ ಮನೆ ಎದುರೇ ಇದೆ. ಬೇಡ ಅಂದರೂ ಒಂದಲ್ಲ ಒಂದು ದಿನ ಯಾರಾದರೂ ಇಳಿದೇ ಇಳಿಯುತ್ತಾರೆ. ಹಾಗಾದರೆ ಕಲಿತೇ ಇಳಿಯಲಿ ಎಂಬುದು ನನ್ನ ವಾದ.

ಮೊದಲು ಕಯಾಕ್ ಎಂದರೇನು ನೋಡೋಣ. ಇದು ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಅಮೆರಿಕದ ಹಿಮಪ್ರದೇಶದ ಇನ್ಯೂಟ್ ಮುಂತಾದ ಜನರು ಬೇಟೆಗೆಂದು ಮಾಡಿಕೊಂಡ ದೋಣಿ. ತೇಲಿ ಬಂದ ಮರದ ತುಂಡು ಅಥವಾ ಮೂಳೆಯಿಂದ ಚೌಕಟ್ಟು ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಅಲ್ಲಿಯ ನೀರು ಎಷ್ಟು ತಣ್ಣಗೆಂದರೆ, ದೋಣಿ ಬಿಟ್ಟು ನೀರಿಗೆ ಬಿದ್ದವನು ಬದುಕುವುದೇ ಕಷ್ಟ. ಅದಕ್ಕೇ ಅವರು ದೋಣಿ ಮಗುಚಿದರೆ ಒಳಗೆ ಕೂತ ಹಾಗೆಯೇ ಉರುಳಿ ಮೇಲೆ ಬರುವ ಹತ್ತಾರು ಬಗೆಗಳನ್ನು ಕಂಡುಹಿಡಿದರು. ಅಂದರೆ ಕಯಾಕನ್ನು ಮಾಡಿದ ಜನವೇ "ಇದು ಮಗುಚುತ್ತದೆ" ಎಂದು ತಿಳಿದುಕೊಂಡು ಅದರಲ್ಲಿ ಕೂತವರು. ನಾವು ಮಾತ್ರ ಮಗುಚುವುದೇ ಇಲ್ಲ ಎಂದು ನಂಬಿ ಕೂರುತ್ತೇವೆ!

ನಮ್ಮ ದೋಣಿಗೂ ಇದಕ್ಕೂ ಬಹಳ ವ್ಯತ್ಯಾಸ ಉಂಟು. ಇದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕಾಲು ಮುಂದೆ ಚಾಚಿ ಕೂರಬೇಕು. ಕಡಲಿಗೆಂದೇ ಮಾಡಿದ ಕಯಾಕ್ ಸುಮಾರು 5 ಮೀಟರ್ ಉದ್ದ, ಅಗಲ ಹೆಚ್ಚುಕಮ್ಮಿ ಎರಡಡಿ ಅಷ್ಟೇ. ಹೊಸಬರಿಗೆ ಅದು ತಕ್ಷಣ ಬೇಡ. ಮೇಲೆ ಕೂರುವ, ಗಿಡ್ಡ, ಅಗಲದ ಕಯಾಕ್ ಬರುತ್ತದೆ. ಅದರ ಹೊಟ್ಟೆ ಪೂರ್ತಿ ಮುಚ್ಚಿರುತ್ತದೆ, ಮೇಲೆ ಬಿದ್ದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಕಲಿಯಲಿಕ್ಕೆ ಅದೇ ಒಳ್ಳೆಯದು.

ನನ್ನ ದೊಡ್ಡಪ್ಪನ ಮಗ, ಅಣ್ಣ, ಹಿನ್ನೀರಿನಲ್ಲಿ ಕಯಾಕ್ ಕಲಿಸುವ ಕೆಲಸ ಮಾಡುತ್ತಾನೆ. ಕಳೆದ ರಜೆಯಲ್ಲಿ ಅವನು ನನಗೆ ಹೇಳಿಕೊಟ್ಟ ಮೊದಲ ಪಾಠ ಹುಟ್ಟು ಹಾಕುವುದಲ್ಲ, ಬೀಳುವುದು! ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಸಿ, ಬೇಕೆಂದೇ ಮಗುಚಿಸಿದ. ಆಮೇಲೆ ಕಯಾಕನ್ನು ನೆಟ್ಟಗೆ ಮಾಡಿ, ಕಾಲು ಬಡಿಯುತ್ತಾ ಅಡ್ಡಲಾಗಿ ಅದರ ಮೇಲೆ ಹೊಟ್ಟೆ ಹಾಕಿ ಮಲಗಬೇಕು, ನಂತರ ಸೊಂಟ ತಿರುಗಿಸಿ ಕೂರಬೇಕು, ಕೊನೆಗೆ ಕಾಲು ಒಳಗೆ ಎಳೆದುಕೊಳ್ಳಬೇಕು. ಹೊಟ್ಟೆ, ಸೊಂಟ, ಕಾಲು. ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ. ಹತ್ತು ಸಲ ಬಿದ್ದು ಹತ್ತು ಸಲ ಹತ್ತಿದ ಮೇಲೆಯೇ ಅಣ್ಣ ಹುಟ್ಟು ಕೈಗೆ ಕೊಟ್ಟದ್ದು. ಅಷ್ಟರಲ್ಲಿ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಇನ್ನೊಂದು ಮಾತು. ಹತ್ತಲಿಕ್ಕೆ ಆಗದಿದ್ದರೂ ಕಯಾಕನ್ನು ಬಿಟ್ಟು ದಡಕ್ಕೆ ಈಜಬಾರದು. ಅದು ತೇಲುತ್ತದೆ, ದೂರದಿಂದ ಕಾಣುತ್ತದೆ. ನೀರಿನಲ್ಲಿ ನಮ್ಮ ತಲೆ ಒಂದು ತೆಂಗಿನಕಾಯಿಯ ಹಾಗೆ ಮಾತ್ರ ಕಾಣುವುದು. ಹುಡುಕುವವರಿಗೆ ಯಾವುದು ಸುಲಭ, ನೀವೇ ಯೋಚಿಸಿ.

ಹುಟ್ಟು ಹಾಕುವುದೂ ತೋಳಿನ ಕೆಲಸವಲ್ಲ. ಬೆನ್ನು ನೆಟ್ಟಗೆ ಇಟ್ಟು, ಸೊಂಟದಿಂದ ಮೇಲಿನ ಮೈ ತಿರುಗಿಸಿ ಎಳೆಯಬೇಕು. ತೋಳಿನಿಂದ ಮಾತ್ರ ಎಳೆದವರು ಬೇಗ ಸುಸ್ತಾಗುತ್ತಾರೆ. ಕಡಲಲ್ಲಿ ಸುಸ್ತಾದರೆ ಕೂರಲಿಕ್ಕೆ ಕಟ್ಟೆ ಇಲ್ಲ.

ಇನ್ನು ಗಾಳಿ. ನೆಲಗಾಳಿ, ಕಡಲಗಾಳಿ ಎಂದು ವಿಜ್ಞಾನದಲ್ಲಿ ಓದಿದ್ದೇವಲ್ಲ, ಅದು ಪರೀಕ್ಷೆಗೆ ಮಾತ್ರ ಅಲ್ಲ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವಾಗ ದಡದ ಹತ್ತಿರ ನೀರು ಕನ್ನಡಿ ಹಾಗೆ ಇರುತ್ತದೆ. ಅದೇ ಮೋಸ. ಆ ಗಾಳಿ ಹಗುರ ಕಯಾಕನ್ನು ಮೆಲ್ಲಗೆ ಹೊರಗೆ ತಳ್ಳುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದರೆ ಅಲೆಯೂ ಏಳುತ್ತದೆ. ಕಡಲ ತುಂಬ ಬಿಳಿ ನೊರೆ ಕಂಡರೆ ಆ ದಿನ ಹೊಸಬರಿಗೆ ರಜೆ.

ಅಳಿವೆ ಬಾಗಿಲು ಅದಕ್ಕಿಂತ ಅಪಾಯ. ಒಂದು ಲೆಕ್ಕ ಹಾಕಿ. ಹೊಸಬರು ಶಾಂತ ನೀರಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗಬಹುದು. ಇಳಿತದ ಹೊತ್ತಿಗೆ ನದಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೊರಗೆ ಹರಿದರೆ, ವಾಪಸ್ಸು ಬರುವವರಿಗೆ ಉಳಿಯುವುದು 1 ಕಿಲೋಮೀಟರ್ ಮಾತ್ರ! ಅದೂ ಅಲ್ಲದೆ ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಅಲೆ ಡಿಕ್ಕಿಯಾಗಿ ಗೋಡೆ ಹಾಗೆ ಎದ್ದು ನಿಲ್ಲುತ್ತದೆ. ಉಬ್ಬರ ಇಳಿತದ ಹೊತ್ತು ಕೇಳಿಕೊಳ್ಳದೆ ಅಳಿವೆಗೆ ಹೋಗುವುದು ಬೇಡವೇ ಬೇಡ. ಮೀನುಗಾರಿಕೆಗೆ ಹೋಗುವ ನಮ್ಮ ಅಪ್ಪ, ಮಾವಂದಿರಿಗೆ ಇದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಹೋಗಿ ಕೇಳಿದರೆ ನಮ್ಮ ಗಂಟು ಏನೂ ಹೋಗುವುದಿಲ್ಲ.

ಮಳೆಗಾಲದ ಮಾತು ಬೇರೆ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೇ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ ಇದೆ. ಅದು ಮೀನು ಮರಿ ಮಾಡುವ ಸಮಯವೆಂದು ಮಾಡಿದ್ದು ನಿಜ, ಆದರೆ ಆಗ ಕಡಲೂ ರೌದ್ರವಾಗಿರುತ್ತದೆ. ದೊಡ್ಡ ಬೋಟು ದಕ್ಕೆಯಲ್ಲಿ ನಿಂತಿರುವಾಗ ಎರಡಡಿ ಅಗಲದ ಕಯಾಕಿಗೆ ಅಲ್ಲೇನು ಕೆಲಸ? ದೀಪಾವಳಿ ಕಳೆದ ಮೇಲೆ ಕಲಿಯಲು ಒಳ್ಳೆಯ ಕಾಲ.

"ಅಷ್ಟೆಲ್ಲ ಹೆದರಿದರೆ ಸಾಹಸ ಎಲ್ಲಿಂದ ಬಂತು?" ಎಂದು ಕೇಳುವವರಿಗೆ ಆಸ್ಕರ್ ಸ್ಪೆಕ್ ಎಂಬವರ ಕತೆ ಹೇಳುತ್ತೇನೆ. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಇವರು 1932ರಲ್ಲಿ ಮಡಚುವ ಕಯಾಕ್‌ನಲ್ಲಿ ಹೊರಟು, ಭಾರತದ ಪಶ್ಚಿಮ ಕರಾವಳಿಯನ್ನೂ ದಾಟಿ, 1939ರಲ್ಲಿ ಆಸ್ಟ್ರೇಲಿಯ ಮುಟ್ಟಿದರು. ಏಳು ವರ್ಷ! ಅಷ್ಟು ದೊಡ್ಡ ಸಾಹಸಿ ಹೊರಟದ್ದು ಎಲ್ಲಿಂದ? ಕಡಲಿನಿಂದಲ್ಲ, ಉಲ್ಮ್ ಎಂಬ ಊರಿನಲ್ಲಿ ಡ್ಯಾನ್ಯೂಬ್ ನದಿಯಿಂದ. ಅವರಿಗೇ ನದಿಯಿಂದ ಶುರು ಮಾಡುವುದು ಅವಮಾನ ಅನಿಸದಿದ್ದರೆ ನಮಗೆ ಯಾಕೆ ಅನಿಸಬೇಕು?

ಕೊನೆಯಲ್ಲಿ ಹಿರಿಯರಿಗೂ ಗುರುಗಳಿಗೂ ನನ್ನ ಬೇಡಿಕೆ ಇಷ್ಟು. ನಮ್ಮನ್ನು ತಡೆಯಬೇಡಿ, ಕಲಿಸಿ. ದೀಪಾವಳಿ ಆದ ಮೇಲೆ ಪ್ರತಿ ಶನಿವಾರ, ಉಬ್ಬರ ಇಳಿತ ನೋಡಿ, ನದಿಯ ಶಾಂತ ಜಾಗದಲ್ಲಿ ಈಜು ಮತ್ತು ಮಗುಚಿ ಹತ್ತುವ ಅಭ್ಯಾಸ ಮಾಡಿಸಿ. ಹುಡುಗಿಯರನ್ನೂ ಸೇರಿಸಿಕೊಳ್ಳಿ. ನಮ್ಮೂರಲ್ಲಿ ಹುಡುಗರು ಹೇಗೋ ಈಜು ಕಲಿಯುತ್ತಾರೆ, ಹುಡುಗಿಯರಿಗೆ "ನಿನಗೆ ಯಾಕೆ" ಎನ್ನುತ್ತಾರೆ. ನೀರು ಮುಳುಗಿಸುವಾಗ ಹುಡುಗನೋ ಹುಡುಗಿಯೋ ಎಂದು ಕೇಳುವುದಿಲ್ಲ.

ಗೆಳೆಯರಿಗೆ ಹೇಳುವುದು ಇಷ್ಟು. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಒಬ್ಬರೇ ಹೋಗಬೇಡಿ, ಬಲ್ಲವರು ಜೊತೆಗಿರಲಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಹೇಳಿ ಹೋಗಿ. ಕಡಲಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554 ನಂಬರಿಗೆ ಫೋನ್ ಮಾಡಬೇಕೆಂದು ನೆನಪಿಡಿ. ಸಂಕಟ ಬಂದಾಗ ವೆಂಕಟರಮಣ ಎನ್ನುವುದಕ್ಕಿಂತ ಮೊದಲೇ ಕಲಿತಿರುವುದು ಜಾಣತನ.

ಇದು ನನ್ನ ಅಭಿಪ್ರಾಯ. ಒಪ್ಪದವರು ಜಗಳ ಮಾಡಬೇಡಿ, ಮುಂದಿನ ಸಂಚಿಕೆಗೆ ಬರೆದು ಕೊಡಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ