ಸ್ಕ್ಯಾನರ್ ಅಂಟಿಸಿ ಎಂದವರೇ ಈಗ ನೋಟಿಸ್ ಅಂಟಿಸುತ್ತಿದ್ದಾರೆ!

ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಬೀಡಾ ಸ್ಟಾಲ್, ತರಕಾರಿ ಗಾಡಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಹಾವೇರಿಯಲ್ಲಿ ತರಕಾರಿ ಮಾರುವ ಒಬ್ಬರಿಗೆ 29 ಲಕ್ಷ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂದಿದೆ. ತರಕಾರಿಗೆ! ನಾಲ್ಕು ವರ್ಷದಲ್ಲಿ ಅವರ ಯುಪಿಐಗೆ 1.63 ಕೋಟಿ ಬಂದಿದೆಯಂತೆ. ಕೋಟಿ ಎಂದು ಬಾಯಿ ಬಿಡುವವರು ಭಾಗಿಸಿ ನೋಡಲಿ, ದಿನಕ್ಕೆ 11 ಸಾವಿರ ಚಿಲ್ಲರೆ. ಅದರಲ್ಲಿ ರೈತನಿಗೆಷ್ಟು, ಮಂಡಿಗೆಷ್ಟು, ಗಾಡಿ ಬಾಡಿಗೆಗೆಷ್ಟು, ಕೊಳೆತು ಚರಂಡಿ ಸೇರಿದ ಟೊಮೇಟೊ ಎಷ್ಟು? ಇನ್ನೊಂದು ಲೆಕ್ಕವನ್ನೂ ಹಾಕಿ. 1.63 ಕೋಟಿಗೆ 18 ಪರ್ಸೆಂಟ್ ಎಷ್ಟು? ಹತ್ತಿರ ಹತ್ತಿರ ಅದೇ 29 ಲಕ್ಷ! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದ ದೇಶದಲ್ಲಿ ಬದನೆಕಾಯಿಗೆ 18 ಪರ್ಸೆಂಟ್!

ಇಂದು ಹಾವೇರಿ, ನಾಳೆ ನಿಮ್ಮ ಅಂಗಡಿ.

ನಮ್ಮ ಕೈಗೆ ಈ ಕ್ಯೂಆರ್ ಕೊಟ್ಟವರು ಯಾರು? 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಕೊರೊನಾ ಬಂದಾಗ ನೋಟು ಮುಟ್ಟಬೇಡಿ ಎಂದರು. ಕಂಪನಿಯ ಹುಡುಗರು ಬಂದು ಗಾಜಿಗೆ ಸ್ಟಿಕ್ಕರ್ ಅಂಟಿಸಿ, ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಇಟ್ಟು ಹೋದರು. ಡಿಜಿಟಲ್ ಇಂಡಿಯಾ ಭಾಷಣಕ್ಕೆ ಕಡಲೆಕಾಯಿ ಗಾಡಿಯ ಫೋಟೊ ಬೇಕಾಯಿತು. ಆಗ ಯಾವ ಪುಣ್ಯಾತ್ಮನಾದರೂ, ‘ಅಣ್ಣಾ, ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು’ ಎಂದು ಹೇಳಿದನೇ? 1.5 ಕೋಟಿ ವಹಿವಾಟಿನವರೆಗೂ ಒಂದೇ ಪರ್ಸೆಂಟ್ ಕಟ್ಟುವ ಕಾಂಪೋಸಿಷನ್ ದಾರಿ ಕಾನೂನಿನಲ್ಲೇ ಇತ್ತು. 2021-22ರಲ್ಲೇ ಒಂದು ಪತ್ರ ಹಾಕಿದ್ದರೆ ಕಟ್ಟುತ್ತಿದ್ದೆವು. ತೆರಿಗೆ ಇಲಾಖೆಯವರು ನಾಲ್ಕು ವರ್ಷ ಕಣ್ಣು ಮುಚ್ಚಿ ಕೂತು, ಗಂಟು ದೊಡ್ಡದಾದ ಮೇಲೆ ಎದ್ದರು.

ಫೋನಿಗೆ ಬಂದದ್ದೆಲ್ಲ ವ್ಯಾಪಾರವೇ? ಚೀಟಿ ದುಡ್ಡು, ಕೈಸಾಲ, ಊರಿಂದ ತಮ್ಮ ಹಾಕಿದ್ದು, ‘500 ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ’ ಎಂದ ಗಿರಾಕಿಗೆ ಕೊಟ್ಟದ್ದು, ಎಲ್ಲವೂ ಇಲಾಖೆಯ ಪಾಲಿಗೆ ಮಾರಾಟ! ನಿಜವಾಗಿ ಮಾರಿದ್ದರಲ್ಲೂ ಪ್ಯಾಕೆಟ್ ಹಾಲಿಗೆ ತೆರಿಗೆಯಿಲ್ಲ, ಬ್ರೆಡ್ಡಿಗಿಲ್ಲ. ಹಾಲಿನಲ್ಲಿ ನಮಗೆ ಉಳಿಯುವುದು ಕಮಿಷನ್ ಎಂಬ ಪುಡಿಗಾಸು.

‘ಪ್ರಾಮಾಣಿಕರಿಗೆ ಭಯವೇಕೆ?’ ಎನ್ನುವ ಟಿವಿ ಮೇಧಾವಿಗಳಿಗೆ ಸಾಷ್ಟಾಂಗ ನಮಸ್ಕಾರ. ನಿಮ್ಮ ಫೋನಿಗೆ ನಾಲ್ಕು ವರ್ಷದಲ್ಲಿ ಬಂದ ಒಂದೊಂದು ರೂಪಾಯಿಗೂ ನಾಳೆ ಬೆಳಿಗ್ಗೆ ದಾಖಲೆ ತನ್ನಿ, ಟೀ ನಮ್ಮ ಲೆಕ್ಕದಲ್ಲಿ. ‘ಬರೀ ನೋಟಿಸ್, ವಿವರಣೆ ಕೊಟ್ಟರಾಯಿತು’ ಎನ್ನುತ್ತಾರೆ ಸಾಹೇಬರು. ಹಾಸನದ ಕಡೆಯಿಂದ ಬಂದು, ನಸುಕಿಗೆ ಶಟರ್ ಎತ್ತಿ ನಡುರಾತ್ರಿ ಇಳಿಸುವ ಬೇಕರಿಯವನು ವಿವರಣೆ ಬರೆಸಲು ಆಡಿಟರ್ ಫೀಸಿಗೇ ಸಾಲ ಮಾಡಬೇಕು.

ಫೋನೇ ಬೇಡ ಎಂಬ ಹಟ ನಮಗಿಲ್ಲ. ಚಿಲ್ಲರೆ ಜಗಳ ತಪ್ಪಿದೆ, ಖೋಟಾ ನೋಟಿನ ಭಯ ಹೋಗಿದೆ. ಆದರೆ ‘ಬಿಲ್ ಬೇಕಾದರೆ ಒಂದು ರೇಟು, ಬೇಡವಾದರೆ ಇನ್ನೊಂದು’ ಎನ್ನುವ ಹೋಲ್‌ಸೇಲ್ ಧಣಿಗಳ ಗೋಡೌನಿಗೆ ಯಾವ ನೋಟಿಸ್ ಹೋಗಿದೆ? ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸಿ ನಮ್ಮ ಗಿರಾಕಿಯನ್ನು ಕಿತ್ತುಕೊಂಡ ಕಂಪನಿಗಳು ನಾವು ಯಾವಾಗ ಬಾಗಿಲು ಹಾಕುತ್ತೇವೋ ಎಂದು ಕಾಯುತ್ತಿವೆ. ದೆಹಲಿಯವರು ಬೆಂಗಳೂರಿನ ಕಡೆ, ಬೆಂಗಳೂರಿನವರು ದೆಹಲಿಯ ಕಡೆ ಬೆರಳು ತೋರಿಸುತ್ತಿದ್ದಾರೆ. ಇತ್ತ ನಮ್ಮಲ್ಲೇ ಕೆಲವರು ಸ್ಟಿಕ್ಕರ್ ಕಿತ್ತು ‘ಓನ್ಲಿ ಕ್ಯಾಶ್’ ಬೋರ್ಡ್ ಹಾಕಿ ಜಾಣರಾಗಿದ್ದಾರೆ. ಸ್ವಾಮಿ, ಹಳೆಯ ನಾಲ್ಕು ವರ್ಷ ಬ್ಯಾಂಕಿನಲ್ಲಿ ಹಾಗೇ ಕೂತಿದೆ, ಬೋರ್ಡು ಅದನ್ನು ಅಳಿಸುವುದಿಲ್ಲ!

ಹಳೆಯದನ್ನು ಬಿಡಲಿ, ನಮ್ಮನ್ನು ಕೂರಿಸಿಕೊಂಡು ಮಾತಾಡಲಿ, ಬದುಕುವ ಒಂದು ದಾರಿ ಮಾಡಲಿ. ಅಲ್ಲಿಯವರೆಗೆ ಬಿಡುವುದಿಲ್ಲ.

2025ರ ಜುಲೈ 23, 24ರಂದು ಹಾಲು, ಟೀ, ಕಾಫಿ ಮಾರಬೇಡಿ. ತೋಳಿಗೆ ಕಪ್ಪು ಪಟ್ಟಿ ಕಟ್ಟಿ. 25ರಂದು ಶಟರ್ ಎಳೆದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬನ್ನಿ. ನೋಟಿಸ್ ಬಂದವರು ಅದರ ಜೆರಾಕ್ಸ್ ತನ್ನಿ, ಬಾರದವರು ಪಕ್ಕದ ಅಂಗಡಿಯವರನ್ನು ಕರೆತನ್ನಿ.